ಕಿತ್ತು ಕಿತ್ತು ಮರವಾದ ರೋಸ್‌ಮೆರಿ

ನಮ್ಮ ಮನೆ ತಾರಸಿಯಲ್ಲಿ ಒಂದು ರೋಸ್‌ಮೆರಿ ಇದೆ, ಅಡುಗೆಗೆ ಹಾಕುವ ಪರಿಮಳದ ಎಲೆಯ ಗಿಡ. ಗಿಡ ಅನ್ನುವುದಕ್ಕಿಂತ ಪುಟ್ಟ ಮರ ಅನ್ನಬೇಕು. ಕುಂಡದ ಅಂಚಿನಿಂದ ಒಂದಡಿಗಿಂತ ಚೂರು ಜಾಸ್ತಿ ಎತ್ತರ. ಬುಡ ನನ್ನ ಹೆಬ್ಬೆರಳಿಗಿಂತ ದಪ್ಪ. ತೊಗಟೆ ಬೂದು ಬಣ್ಣಕ್ಕೆ ತಿರುಗಿ ಉದ್ದುದ್ದಕ್ಕೆ ಸೀಳಿದೆ. ಉಗುರು ತಾಗಿಸಿದರೆ ಎಳೆಯಾಗಿ ಸುಲಿದು ಬರುತ್ತದೆ. ನೋಡಿದವರೆಲ್ಲ ‘ಎಷ್ಟು ವರ್ಷದ ಮರ?’ ಎಂದೇ ಕೇಳುತ್ತಾರೆ. ಅದಕ್ಕೆ ಅಷ್ಟೇನೂ ವಯಸ್ಸಾಗಿಲ್ಲ. ರೋಸ್‌ಮೆರಿಯ ಗುಣವೇ ಹಾಗೆ. ಕಾಂಡ ಬೇಗ ಬಲಿತು ಕಟ್ಟಿಗೆಯಾಗುತ್ತದೆ, ತೊಗಟೆ ಬೇಗ ಹಳತಾಗಿ ಕಾಣುತ್ತದೆ, ಎಲೆ ಮಾತ್ರ ಸಣ್ಣದಾಗಿಯೇ ಉಳಿಯುತ್ತದೆ. ಕುಂಡದಲ್ಲಿ ಪುಟ್ಟ ಮರ ಬೆಳೆಸುವ, ಅಂದರೆ ಬೋನ್ಸಾಯ್ ಮಾಡುವವರಿಗೆ ಇನ್ನೇನು ಬೇಕು?

ಇದೇ ಮರದಿಂದ ನಾನು ಅಡುಗೆಗೂ ಕೀಳುತ್ತೇನೆ. ಅಡುಗೆಗೆ ಕೀಳುವುದು ಒಂದು ಕೆಲಸ, ರೂಪಕ್ಕಾಗಿ ಕತ್ತರಿಸುವುದು ಇನ್ನೊಂದು ಕೆಲಸ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಎರಡೂ ಒಂದೇ. ಎಲ್ಲಿ ಕಿತ್ತರೆ ಮುಂದಿನ ಚಿಗುರು ಎಲ್ಲಿ ಬರುತ್ತದೆ ಅನ್ನುವುದನ್ನು ಕಲಿತರೆ ಸಾಕು, ಪಲ್ಯಕ್ಕೆ ಕಿತ್ತ ಕಡ್ಡಿಯೇ ಮರದ ಆಕಾರ ತಿದ್ದಿರುತ್ತದೆ.

ಗಿಡ ತಂದದ್ದು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಿಂದ. ದೀಪಾವಳಿ ಕಳೆದಿತ್ತು, ಮಳೆ ಹಿಂದೆ ಸರಿದಿತ್ತು. ಮುಂದಿನ ಸಾಲಲ್ಲಿ ಕಪ್ಪು ಪ್ಲಾಸ್ಟಿಕ್ ಕವರ್‌ಗಳಲ್ಲಿ ಹಸಿರಾಗಿ ನೆಟ್ಟಗೆ ನಿಂತ ಎಳೆ ಗಿಡಗಳಿದ್ದವು. ನನ್ನ ಕಣ್ಣು ಹೋದದ್ದು ಹಿಂದೆ ಗೋಡೆ ಬದಿಗಿದ್ದ ಒಂದು ಹಳೆಯ ಗಿಡದ ಮೇಲೆ. ಯಾರೂ ಕೊಳ್ಳದೆ ಉಳಿದು ಅಡ್ಡಾದಿಡ್ಡಿ ಬೆಳೆದಿತ್ತು. ಬುಡದ ಹತ್ತಿರ ಎಲೆಯೇ ಇಲ್ಲ, ಕೊಂಬೆ ತುದಿಯಲ್ಲಿ ಮಾತ್ರ ಹಸಿರು.

‘ಅದು ಬೇಡ ಮೇಡಂ, ಹಳೇದು. ಚೆನ್ನಾಗಿರೋದು ಕೊಡ್ತೀನಿ ಬನ್ನಿ’ ಅಂದರು ಅಂಗಡಿಯವರು.

‘ನಂಗೆ ಹಳೇದೇ ಬೇಕು ಅಣ್ಣ, ಬುಡ ದಪ್ಪ ಇರೋದು’ ಅಂದೆ. ಮೇಲಿನ ಮಣ್ಣನ್ನು ಬೆರಳಿನಿಂದ ಚೂರು ಕೆರೆದು ನೋಡಿದೆ. ಬುಡ ಮಣ್ಣಿನೊಳಗೆ ಅಗಲವಾಗುತ್ತಾ ಹೋಗಿ ಮೂರು ಕಡೆಗೆ ಬೇರು ಬಿಟ್ಟಿತ್ತು. ಮರ ನೆಲವನ್ನು ಹಿಡಿದು ನಿಂತಿದೆ ಅನ್ನಿಸುವುದು ಈ ಬೇರಿನ ಹರವಿನಿಂದಲೇ. ಕೊಂಬೆಯನ್ನು ನಾವು ಹೇಗೂ ಬೆಳೆಸಬಹುದು. ಆದರೆ ಪುಟ್ಟ ಕುಂಡದಲ್ಲಿ ಬುಡ ದಪ್ಪ ಮಾಡುವುದು ಬಹಳ ನಿಧಾನದ ಕೆಲಸ. ಹಾಗಾಗಿ ರೋಸ್‌ಮೆರಿ ಮರ ಮಾಡಬೇಕು ಅನ್ನುವವರಿಗೆ ನನ್ನ ಮೊದಲ ಮಾತು ಇದೇ. ಎಲೆ ನೋಡಿ ಗಿಡ ಆರಿಸಬೇಡಿ, ಬುಡ ನೋಡಿ.

ಇನ್ನೊಂದು ವಿಷಯ. ರೋಸ್‌ಮೆರಿಯಲ್ಲಿ ನೆಟ್ಟಗೆ ಬೆಳೆಯುವ ಬಗೆ ಇದೆ, ನೆಲಕ್ಕೆ ಹರಡಿ ಜೋತು ಬೀಳುವ ಬಗೆಯೂ ಇದೆ. ಜೋತು ಬೀಳುವುದನ್ನು ಎತ್ತರದ ಕುಂಡದಲ್ಲಿಟ್ಟು ಬಂಡೆಯಂಚಿನಿಂದ ಇಳಿಬಿದ್ದ ಮರದ ಹಾಗೆ ಬೆಳೆಸುವವರಿದ್ದಾರೆ. ನನ್ನದು ನೆಟ್ಟಗಿನ ಬಗೆ.

ಮನೆಗೆ ತಂದ ತಕ್ಷಣ ಕತ್ತರಿ ಹಿಡಿಯಲಿಲ್ಲ. ತಾರಸಿಯ ಪೂರ್ವದ ಮೂಲೆಯಲ್ಲಿಟ್ಟು ಸುಮ್ನೆ ಬಿಟ್ಟೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳ ಗಿಡ ಅದು. ಸುಣ್ಣದ ಕಲ್ಲು, ಒಣ ಗಾಳಿ, ಧಾರಾಳ ಬಿಸಿಲು, ಚಳಿಗಾಲದಲ್ಲಿ ಮಾತ್ರ ಮಳೆ. ಅದರ ಹುಟ್ಟೂರು ಹಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಬಿಸಿಲು, ಚಳಿ ಎರಡೂ ಅದಕ್ಕೆ ಹಿಡಿಸುತ್ತದೆ. ಹಿಡಿಸದಿರುವುದು ನಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ. ಆ ವಿಷಯ ಮುಂದೆ ಹೇಳುತ್ತೇನೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಅಡುಗೆಮನೆ ಕಿಟಕಿಯೊಳಗೆ ಇಟ್ಟರೆ ಕಡ್ಡಿ ಉದ್ದುದ್ದ ಬೆಳೆದು ಸೊರಗುತ್ತದೆ. ಅಂಥ ಕಡ್ಡಿಯಿಂದ ಮರ ಆಗುವುದಿಲ್ಲ.

ಮೊದಲ ಕತ್ತರಿ ಹಾಕಿದ್ದು ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ. ಅಷ್ಟರಲ್ಲಿ ಗಿಡವನ್ನು ದಿನಾ ನೋಡಿ ನೋಡಿ ಎಲ್ಲಿ ಏನಿದೆ ಅನ್ನುವುದು ಗೊತ್ತಾಗಿತ್ತು.

ರೋಸ್‌ಮೆರಿ ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬದ್ದೇ. ಎಳೆ ಕಾಂಡ ಬೆರಳಲ್ಲಿ ಹೊರಳಿಸಿದರೆ ತುಳಸಿಯ ಹಾಗೇ ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಪೂರ್ವ–ಪಶ್ಚಿಮ ಆದರೆ ಅದರ ಮೇಲಿನದು ಉತ್ತರ–ದಕ್ಷಿಣ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಮಲಗಿರುತ್ತದೆ. ಕೊಂಬೆಯ ತುದಿ ಇರುವವರೆಗೂ ಅದು ಏಳುವುದಿಲ್ಲ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿದು ಅದನ್ನು ತಡೆಹಿಡಿದಿರುತ್ತದೆ. ತುದಿ ಕಿತ್ತರೆ ತಡೆ ಹೋಗಿ, ಕೆಳಗಿನ ಜೋಡಿ ಎಲೆಯ ಕಂಕುಳಲ್ಲಿ ಅಕ್ಕಿಕಾಳಿಗಿಂತ ಸಣ್ಣದಾದ, ಬಿಳಿ ಛಾಯೆಯ ಎರಡು ಎಲೆ ಇಣುಕುತ್ತವೆ. ಭೂತಗನ್ನಡಿ ಹಿಡಿದರೆ ಅದರ ಮೇಲಿನ ನವಿರು ರೋಮವೂ ಕಾಣುತ್ತದೆ. ಅದು ನಾಳೆಯ ಕೊಂಬೆ. ಯಾವ ದಿಕ್ಕಿಗೆ ಕೊಂಬೆ ಬೇಕೋ ಆ ದಿಕ್ಕಿನ ಎಲೆಜೋಡಿಯ ಮೇಲೆ ಕೀಳಬೇಕು. ಜೋಡಿಯಲ್ಲಿ ಬೇಡದ ಬದಿಯ ಮೊಗ್ಗನ್ನು ಉಗುರಿನಲ್ಲಿ ಉಜ್ಜಿ ತೆಗೆದರೆ ಇನ್ನೊಂದಕ್ಕೇ ಬಲ ಹೋಗುತ್ತದೆ.

ರೋಸ್‌ಮೆರಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಆಲ, ಅರಳಿ, ಅತ್ತಿ ಮರಗಳನ್ನು ಬೋಳು ಕಾಂಡಕ್ಕೆ ಕಡಿದರೂ ಮತ್ತೆ ಚಿಗುರುತ್ತವೆ, ಅಲ್ವಾ? ನಮ್ಮಲ್ಲಿ ಬೋನ್ಸಾಯ್ ಅಂದರೆ ಹೆಚ್ಚಾಗಿ ಕಾಣುವುದೂ ಇವೇ. ರೋಸ್‌ಮೆರಿ ಹಾಗಲ್ಲ. ಎಲೆ ಉದುರಿ ಕಟ್ಟಿಗೆಯಾದ ಜಾಗಕ್ಕೆ ಕತ್ತರಿಸಿದರೆ ಆ ಕೊಂಬೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಕತ್ತರಿಸಿದ ಜಾಗದ ಕೆಳಗೆ ಹಸಿರೆಲೆ ಇರಲೇಬೇಕು. ನನ್ನ ಗಿಡದಲ್ಲಿ ಹಸಿರಿದ್ದದ್ದು ತುದಿಯಲ್ಲಿ ಮಾತ್ರ. ಹೀಗಿರುವಾಗ ಕೊಂಬೆ ಗಿಡ್ಡ ಮಾಡುವುದು ಹೇಗೆ?

ಉತ್ತರ ತಾಳ್ಮೆ. ಬೇಡವೇ ಬೇಡ ಅನ್ನಿಸಿದ ಕೊಂಬೆಗಳನ್ನು ಬುಡಕ್ಕೇ ತೆಗೆದೆ. ಇಟ್ಟುಕೊಳ್ಳಬೇಕಾದ ಕೊಂಬೆಗಳ ತುದಿಯನ್ನು ಮಾತ್ರ ಚಿವುಟಿದೆ. ನಡುವಿನ ಗೋಜಲು ಹೋದದ್ದರಿಂದ ಒಳಗೆ ಬಿಸಿಲು ಬಿತ್ತು. ಕೆಲವು ವಾರ ಕಳೆದ ಮೇಲೆ ಹಸಿರಿನ ಕೆಳತುದಿಯಲ್ಲಿ, ಇನ್ನೇನು ಉದುರಬೇಕಿದ್ದ ಹಳೆಯ ಎಲೆಗಳ ಕಂಕುಳಲ್ಲಿ ಚಿಗುರು ಕಂಡಿತು. ಅದು ಒಂದಿಂಚು ಬೆಳೆದ ಮೇಲೆ ಕೊಂಬೆಯನ್ನು ಅಲ್ಲಿಗೆ ಇಳಿಸಿದೆ. ಮತ್ತೆ ಕಾದೆ. ಮತ್ತೆ ಚಿಗುರಿತು, ಮತ್ತೆ ಇಳಿಸಿದೆ. ಹೀಗೆ ಮೆಟ್ಟಿಲು ಇಳಿದ ಹಾಗೆ ಒಂದೊಂದು ಕೊಂಬೆಯೂ ಕಾಂಡದ ಕಡೆಗೆ ಹತ್ತಿರವಾಯಿತು. ಒಂದೇ ಸಲ ಮೋಟು ಮಾಡುವ ಆಸೆ ಆಗುತ್ತದೆ. ಅದನ್ನು ತಡೆದುಕೊಂಡರೆ ಅರ್ಧ ಕೆಲಸ ಆದ ಹಾಗೆಯೇ.

ಅಡುಗೆಯ ಪ್ರಶ್ನೆ ಬಂದದ್ದೂ ಆಗಲೇ. ಪ್ರತಿ ಸಲ ಚಿವುಟಿದಾಗಲೂ ಕೈತುಂಬ ತುದಿ ಸಿಗುತ್ತಿತ್ತು. ಊರಿಂದ ಬಂದಿದ್ದ ಅಮ್ಮ ಒಂದು ಕಡ್ಡಿ ತಿಕ್ಕಿ ಮೂಸಿ, ‘ಇದೇನೇ ಇದು, ಕರ್ಪೂರಕ್ಕೆ ನೀಲಗಿರಿ ಎಣ್ಣೆ ಸೇರಿಸಿದ ಹಾಗಿದೆ’ ಅಂದರು. ಅಮ್ಮನ ಮೂಗು ಸರಿಯಾಗಿಯೇ ಹಿಡಿದಿತ್ತು. ರೋಸ್‌ಮೆರಿ ಎಣ್ಣೆಯಲ್ಲಿ ಕರ್ಪೂರದ ಅಂಶವೂ ಇದೆ, ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕೂಡ ಇದೆ.

ಇಷ್ಟು ಜೋರು ಪರಿಮಳ ಇರುವುದರಿಂದ ಇದನ್ನು ಕೊತ್ತಂಬರಿ ಸೊಪ್ಪಿನ ಹಾಗೆ ಕೊನೆಯಲ್ಲಿ ಉದುರಿಸಿದರೆ ಆಗುವುದಿಲ್ಲ. ಎಲೆ ಗಡಸು, ಹಲ್ಲಿಗೆ ಸಿಕ್ಕುತ್ತದೆ. ಕರಿಬೇವಿನ ಹಾಗೆ ಮೊದಲೇ ಬಿಸಿ ಎಣ್ಣೆಗೆ ಬೀಳಬೇಕು. ಅದರ ಪರಿಮಳ ಎಣ್ಣೆ, ಬೆಣ್ಣೆಗಳಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಆಲೂಗಡ್ಡೆಯನ್ನು ಅರ್ಧ ಬೇಯಿಸಿ, ಬಾಣಲೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, ರೋಸ್‌ಮೆರಿ ಸಣ್ಣಗೆ ಹೆಚ್ಚಿ ಸೇರಿಸಿ, ಗರಿಗರಿಯಾಗುವವರೆಗೆ ಹುರಿಯುತ್ತೇವೆ. ಗೆಣಸಿಗೂ ಅಣಬೆಗೂ ಇದು ಹೊಂದುತ್ತದೆ. ಸಾರು, ಹುಳಿಗೆ ಮಾತ್ರ ಬೇಡ. ಇಂಗಿನ ಜೊತೆ ಸೇರಿದರೆ ಎರಡರ ರುಚಿಯೂ ಕೆಡುತ್ತದೆ. ಇದು ನನ್ನ ನಾಲಿಗೆಯ ಮಾತು, ಬೇರೆಯವರಿಗೆ ಬೇರೆ ಇರಬಹುದು.

ತಿನ್ನುವ ಗಿಡ ಆದ್ದರಿಂದ ಅಂಗಡಿಯ ಕೀಟನಾಶಕ ಒಂದು ಹನಿಯನ್ನೂ ಮುಟ್ಟಿಸುವುದಿಲ್ಲ. ಬೇಸಿಗೆಯಲ್ಲಿ ನುಸಿ ಬಂದು ಎಲೆ ಮೇಲೆ ಸಣ್ಣ ಚುಕ್ಕೆ ಬೀಳುತ್ತದೆ. ಬೆಳಿಗ್ಗೆ ಹೊತ್ತು ಕುಂಡವನ್ನು ಓರೆ ಮಾಡಿ, ಎಲೆಯ ಕೆಳಭಾಗಕ್ಕೆ ತಾಗುವ ಹಾಗೆ ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಹೋಗುತ್ತದೆ. ಮಧ್ಯಾಹ್ನದೊಳಗೆ ಎಲೆ ಒಣಗಿರಬೇಕು ಅಷ್ಟೇ.

ಮಣ್ಣಿನ ವಿಷಯಕ್ಕೆ ಬರೋಣ. ನರ್ಸರಿಯವರು ಗಿಡ ಸಾಗಿಸಲು ಹಗುರ ಇರಲಿ ಎಂದು ಕೋಕೋಪೀಟ್, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ತೆಂಗಿನ ನಾರಿನ ಪುಡಿ, ಜಾಸ್ತಿ ಹಾಕಿರುತ್ತಾರೆ. ಬೇರೆ ಗಿಡಕ್ಕೆ ಅದು ಒಳ್ಳೆಯದೇ. ರೋಸ್‌ಮೆರಿಯ ಬೇರು ಮಾತ್ರ ಸದಾ ತೇವದಲ್ಲಿದ್ದರೆ ಕೊಳೆಯುತ್ತದೆ. ‘ತಂದು ಒಂದು ತಿಂಗಳಿಗೆ ಸತ್ತುಹೋಯ್ತು’ ಎಂದು ಜನ ಹೇಳುವಾಗ ಹೆಚ್ಚಿನ ಸಲ ಕಾರಣ ಇದೇ. ಬಾಯಾರಿಕೆಗಿಂತ ನೀರು ಹೆಚ್ಚಾಗಿ ಸಾಯುವ ರೋಸ್‌ಮೆರಿಗಳೇ ನಮ್ಮ ಕಡೆ ಜಾಸ್ತಿ.

ಹತ್ತಿರದಲ್ಲಿ ಮನೆ ಕಟ್ಟುತ್ತಿದ್ದರು. ಮೇಸ್ತ್ರಿಯನ್ನು ಕೇಳಿ ಒಡೆದ ಇಟ್ಟಿಗೆ ತಂದೆ. ಕುಟ್ಟಿ, ಎರಡು ಜರಡಿ ಹಿಡಿದೆ. ದೊಡ್ಡ ಜರಡಿಯಲ್ಲಿ ಉಳಿದದ್ದು ಕುಂಡದ ತಳಕ್ಕೆ. ಸಣ್ಣ ಜರಡಿಯಿಂದ ಇಳಿದ ಪುಡಿ ಬೇಡ, ಅದು ನೀರು ಸೇರಿ ಕೆಸರಾಗುತ್ತದೆ. ನಡುವೆ ಸಿಕ್ಕ ಕಡಲೆಬೇಳೆ ಗಾತ್ರದ ಚೂರುಗಳೇ ಬೇಕಾದ್ದು. ಅದು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ನೀರು ಹೊಯ್ದರೆ ಮೇಲೆ ನಿಲ್ಲದೆ ಸರ್ರನೆ ಕೆಳಗಿನ ತೂತಿನಿಂದ ಬರಬೇಕು. ಬಂದರೆ ಮಣ್ಣು ಸರಿ ಇದೆ ಎಂದರ್ಥ.

ಬೇರು ಬಿಡಿಸುವುದು ಈ ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಘಟ್ಟ. ರೋಸ್‌ಮೆರಿಗೆ ಬೇರು ಮುಟ್ಟಿಸಿಕೊಳ್ಳುವುದು ಇಷ್ಟವಿಲ್ಲ. ಕೊಂಬೆಗೆ ಕತ್ತರಿ ಹಾಕಿದ ಕಾಲದಲ್ಲೇ ಬೇರಿಗೂ ಹಾಕಲಿಲ್ಲ, ಗಿಡ ಚೇತರಿಸಿಕೊಳ್ಳಲಿ ಎಂದು ಮುಂದಿನ ವರ್ಷದ ಅದೇ ಕಾಲದವರೆಗೆ ಬಿಟ್ಟೆ. ಬಿದಿರಿನ ಕಡ್ಡಿಯಿಂದ ಹೊರಗಿನ ಮಣ್ಣನ್ನು ಮೆಲ್ಲಗೆ ಕೆದರಿದೆ. ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ ಕಾಲು ಭಾಗ ಮಾತ್ರ ತೆಗೆದೆ. ನಡುವಿನ ಹಳೆಯ ಗಡ್ಡೆಮಣ್ಣನ್ನು ಹಾಗೇ ಉಳಿಸಿದೆ, ಅದರ ಸರದಿ ಇನ್ನೊಂದು ಸಲ. ಕೆಲಸ ನಡೆಯುವಾಗ ಬೇರು ಒಣಗದಂತೆ ನೀರು ಚಿಮುಕಿಸುತ್ತಲೇ ಇರಬೇಕು. ಕುಂಡ ತೀರಾ ತೆಳ್ಳನೆಯ ಬೋನ್ಸಾಯ್ ತಟ್ಟೆ ಅಲ್ಲ, ನಾಲ್ಕಿಂಚು ಆಳದ ಮಣ್ಣಿನ ಕುಂಡ. ತೆಳ್ಳನೆಯ ತಟ್ಟೆ ನೋಡಲು ಚೆಂದ, ಆದರೆ ಅದರ ತಳದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ತಳದ ತೂತಿನಿಂದ ತಂತಿ ತಂದು ಬೇರಿನ ಗಡ್ಡೆಯನ್ನು ಕುಂಡಕ್ಕೆ ಬಿಗಿದು ಕಟ್ಟಿದೆ. ಗಾಳಿಗೆ ಗಿಡ ಅಲ್ಲಾಡಿದರೆ ಹೊಸ ಬೇರು ಹಿಡಿಯುವುದಿಲ್ಲ. ಆಮೇಲೆ ಕೆಲವು ವಾರ ನೆರಳು, ಗೊಬ್ಬರ ಇಲ್ಲ, ಕತ್ತರಿ ಇಲ್ಲ, ಅಡುಗೆಗೂ ಇಲ್ಲ.

ತಂತಿ ಸುತ್ತುವ ಕೆಲಸದಲ್ಲೂ ರೋಸ್‌ಮೆರಿಗೆ ಅದರದ್ದೇ ರೀತಿ ಇದೆ. ಬಲಿತ ಕೊಂಬೆ ಬಗ್ಗುವುದಿಲ್ಲ, ಲಟಕ್ ಎಂದು ಮುರಿಯುತ್ತದೆ. ಹಸಿರು ಕಂದುಬಣ್ಣಕ್ಕೆ ತಿರುಗುತ್ತಿರುವ ಕೊಂಬೆಗೇ ತಂತಿ ಹಾಕಬೇಕು. ಮೆದು ಅಲ್ಯೂಮಿನಿಯಂ ತಂತಿ, ಕೊಂಬೆಯ ದಪ್ಪದ ಮೂರರಲ್ಲೊಂದು ಪಾಲು ದಪ್ಪ ಇದ್ದರೆ ಸಾಕು. ಹಿಂದಿನ ದಿನ ನೀರು ಹಾಕದಿದ್ದರೆ ಕೊಂಬೆ ಚೂರು ಸಡಿಲವಾಗಿ ಬಗ್ಗಲು ಒಪ್ಪುತ್ತದೆ. ಓರೆಯಾಗಿ ಸುತ್ತುತ್ತಾ ಹೋಗುವಾಗ ಎಲೆ ತಂತಿಯಡಿ ಸಿಕ್ಕಿಕೊಳ್ಳದ ಹಾಗೆ ನೋಡಬೇಕು. ಸೂಜಿಯಂಥ ಎಲೆ ಒತ್ತಾಗಿರುವುದರಿಂದ ಇದಕ್ಕೆ ಹೊತ್ತು ಹಿಡಿಯುತ್ತದೆ, ಬೆರಳಿಗೆಲ್ಲ ಅಂಟು ಹತ್ತುತ್ತದೆ. ತಂತಿ ತೊಗಟೆಯೊಳಗೆ ಇಳಿಯುವ ಮುಂಚೆ ತೆಗೆಯಬೇಕು. ಬಿಚ್ಚಲು ಹೋಗಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಬಲಿತ ದೊಡ್ಡ ಕೊಂಬೆಗಳಿಗೆ ನಾನು ದಾರವನ್ನೇ ನಂಬುತ್ತೇನೆ. ಕೊಂಬೆಗೆ ರಬ್ಬರ್ ಟ್ಯೂಬಿನ ತುಂಡು ತೊಡಿಸಿ, ಅದರ ಮೇಲೆ ದಾರ ಕಟ್ಟಿ, ಕುಂಡದ ಅಂಚಿಗೆ ಎಳೆದು ಬಿಗಿಯುವುದು. ತಿಂಗಳಿಗೊಮ್ಮೆ ಚೂರು ಚೂರೇ ಬಿಗಿ ಮಾಡಿದರೆ ಮೇಲ್ಮುಖವಾಗಿದ್ದ ಕೊಂಬೆ ಅಡ್ಡಕ್ಕೆ ಬರುತ್ತದೆ. ಎಳೆ ಗಿಡದ ಕೊಂಬೆ ಆಕಾಶಕ್ಕೆ ಚಾಚಿರುತ್ತದೆ, ಹಳೆಯ ಮರದ ಕೊಂಬೆ ತನ್ನ ಭಾರಕ್ಕೆ ಬಾಗಿರುತ್ತದೆ. ನಮ್ಮ ಕಣ್ಣಿಗೆ ವಯಸ್ಸು ಕಾಣಿಸುವುದು ಇಲ್ಲಿಯೇ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಹೋಗಿದ್ದಾಗ ನಾನು ಕೊಂಬೆಗಳ ಈ ಬಾಗನ್ನೇ ನೋಡುತ್ತಾ ನಿಂತೆ. ಪುಸ್ತಕದ ಚಿತ್ರಕ್ಕಿಂತ ಅಂಥ ಕಡೆ ಮರದ ಸುತ್ತ ಒಂದು ಸಲ ನಡೆದು ನೋಡುವುದು ಜಾಸ್ತಿ ಕಲಿಸುತ್ತದೆ.

ಈಗ ಮಳೆಗಾಲ. ಜೂನ್ ಬಂತೆಂದರೆ ನನ್ನ ಗಮನವೆಲ್ಲ ಈ ಕುಂಡದ ಮೇಲೆ. ಎರಡು ಇಟ್ಟಿಗೆ ಇಟ್ಟು ಕುಂಡವನ್ನು ನೆಲದಿಂದ ಎತ್ತರಿಸುತ್ತೇನೆ, ತಳದಲ್ಲಿ ಗಾಳಿ ಆಡಬೇಕು. ಮಳೆ ನೇರ ಬೀಳದ, ಆದರೆ ಬೆಳಕು ಬೀಳುವ ಪಾರದರ್ಶಕ ಶೀಟಿನ ಕೆಳಗೆ ಇಡುತ್ತೇನೆ. ಮೋಡ ಕವಿದ ದಿನಗಳು ಸಾಲಾಗಿ ಬಂದಾಗ, ಗಾಳಿ ಆಡದ ಒಳಗಿನ ಎಲೆಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂಥ ಬೂದಿರೋಗ ಬರುತ್ತದೆ. ಕಂಡ ತಕ್ಷಣ ಆ ಎಲೆಗಳನ್ನು ತೆಗೆದು ಕಸಕ್ಕೆ ಹಾಕಿ, ಒಳಗಿನ ಒತ್ತಾದ ಕಡ್ಡಿಗಳನ್ನು ಬಿಡಿಸುತ್ತೇನೆ. ಅದಕ್ಕೇ ಮೇ ಕೊನೆಗೆ ಅಡುಗೆಗೆ ಕೀಳುವಾಗ ಹೊರಗಿನಿಂದ ಕೀಳದೆ ಒಳಗಿನಿಂದ ಕೀಳುತ್ತೇನೆ. ಮಳೆಗೆ ಮುಂಚೆಯೇ ಮರದೊಳಗೆ ಗಾಳಿಗೆ ದಾರಿ ಆಗಿರುತ್ತದೆ.

ನೀರಿನ ಲೆಕ್ಕವನ್ನು ದಿನ ನೋಡಿ ಹಾಕಲಾಗದು. ಬಿದಿರಿನ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿಟ್ಟಿದ್ದೇನೆ. ಎಳೆದು ನೋಡಿ, ತುದಿ ಒದ್ದೆ ಇದ್ದರೆ ನೀರಿಲ್ಲ. ಜೊತೆಗೆ ಕುಂಡ ಎತ್ತಿ ನೋಡಿದರೆ ತೂಕದಲ್ಲೇ ಗೊತ್ತಾಗುತ್ತದೆ. ತುಳಸಿಗೆ ನೀರು ಕಡಿಮೆಯಾದರೆ ಎಲೆ ಜೋತುಬಿದ್ದು ಹೇಳುತ್ತದೆ, ನೀರು ಹಾಕಿದರೆ ಸಂಜೆಗೆ ಎದ್ದು ನಿಲ್ಲುತ್ತದೆ. ರೋಸ್‌ಮೆರಿ ಅಷ್ಟು ಬಾಯಿಬಿಟ್ಟು ಹೇಳುವ ಗಿಡವಲ್ಲ. ಎಳೆ ತುದಿಗಳು ಮಾತ್ರ ಚೂರು ತಲೆ ಬಾಗಿಸುತ್ತವೆ. ಅದನ್ನು ದಾಟಿ ಪೂರ್ತಿ ಒಣಗಿದರೂ ಎಲೆ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಮುಟ್ಟಿದಾಗ ಉದುರಿದರೆ ಆಗಲೇ ತಡವಾಗಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಪಕ್ಕದ ಮನೆಯ ಆಂಟಿಗೆ ನಾನು ಮೊದಲು ತೋರಿಸುವುದೇ ಆ ಬಿದಿರಿನ ಕಡ್ಡಿ.

ಈ ಆಂಟಿಗೂ ಒಂದು ಗಿಡ ಆಗಿದೆ. ಕೂದಲಿಗೆ ರೋಸ್‌ಮೆರಿ ನೀರು ಒಳ್ಳೆಯದು ಎಂಬ ಮಾತು ಎಲ್ಲ ಕಡೆ ಹಬ್ಬಿದಾಗಿನಿಂದ ನೆಂಟರು, ಸ್ನೇಹಿತರು ಎಲ್ಲರೂ ಒಂದು ಹಿಡಿ ಕೊಡು ಎಂದು ಕೇಳತೊಡಗಿದರು. ಎಲ್ಲರಿಗೂ ಕೊಟ್ಟರೆ ನನ್ನ ಮರ ಬೋಳಾಗುತ್ತದೆ. ಅದರ ಬದಲು ಚಿವುಟಿದ ತುದಿಗಳಲ್ಲಿ ನಾಲ್ಕೈದು ಇಂಚಿನದನ್ನು ಆರಿಸಿ, ಕೆಳಗಿನ ಅರ್ಧದ ಎಲೆ ಸವರಿ, ಒದ್ದೆ ಮರಳಿಗೆ ಚುಚ್ಚಿ ಇಡುತ್ತೇನೆ. ನೆರಳಲ್ಲಿಟ್ಟರೆ ಒಂದೂವರೆ ತಿಂಗಳೊಳಗೆ ಸುಮಾರು ಕಡ್ಡಿಗಳು ಬೇರು ಬಿಡುತ್ತವೆ. ಹೂ ಬಿಡದ ಕಡ್ಡಿ ಆಗಿರಬೇಕು, ಮೇಲುಗಡೆ ಎಳೆಯದಾಗಿ ಬುಡದಲ್ಲಿ ಚೂರು ಗಟ್ಟಿಯಾಗಿರಬೇಕು. ಬೀಜದಿಂದ ಮಾಡಲು ಹೋಗಬೇಡಿ, ಮೊಳೆಯುವುದೂ ಕಡಿಮೆ, ತಡವೂ ಹೌದು.

ಆಂಟಿ ಕೇಳಿದ್ದು, ‘ನಂಗೆ ನಿನ್ನ ಥರ ತಿರುಚಿದ ಮರ ಬೇಡಮ್ಮ, ಕೋಲಿನ ಮೇಲೆ ಚೆಂಡು ಇಟ್ಟಂಗೆ ಇರತ್ತಲ್ಲ, ಅದು ಬೇಕು.’ ಯುರೋಪಿನ ತೋಟಗಳಲ್ಲಿ ಮೊದಲಿಂದಲೂ ಇರುವ ರೂಪ ಅದು. ಬೇರು ಬಿಟ್ಟ ಕಡ್ಡಿಗಳಲ್ಲಿ ಅತಿ ನೆಟ್ಟಗಿನದನ್ನು ಆರಿಸಿ, ಬಿದಿರಿನ ಕಡ್ಡಿಗೆ ಸಡಿಲವಾಗಿ ಕಟ್ಟಿ ಕೊಟ್ಟೆ. ತುದಿಯನ್ನು ಮುಟ್ಟಬೇಡಿ, ಬೇಕಾದ ಎತ್ತರ ಬರುವವರೆಗೆ ಬಿಡಿ. ಪಕ್ಕದ ಚಿಗುರನ್ನು ಮಾತ್ರ ತೆಗೆಯಿರಿ. ಕಾಂಡಕ್ಕೆ ನೇರ ಅಂಟಿಕೊಂಡ ಎಲೆ ಇರಲಿ, ಕಾಂಡ ದಪ್ಪವಾಗಲು ಅದರ ಊಟ ಬೇಕು. ಎತ್ತರ ಬಂದ ಮೇಲೆ ತುದಿ ಚಿವುಟಿ, ಬಂದ ಕವಲುಗಳನ್ನೂ ಎರಡೆರಡು ಇಂಚಿಗೆ ಚಿವುಟುತ್ತಾ ಹೋದರೆ ಚೆಂಡು ತಾನಾಗಿ ತುಂಬಿಕೊಳ್ಳುತ್ತದೆ. ಆಂಟಿಯ ಗಿಡ ಈಗ ಒಂದೂವರೆ ಅಡಿ ದಾಟಿದೆ, ತಲೆ ಕಟ್ಟಲು ಶುರುವಾಗಿದೆ. ಪೂರ್ತಿ ದುಂಡಗಾಗಲು ಇನ್ನೊಂದು ವರ್ಷವಾದರೂ ಬೇಕು. ಚಿವುಟಿದ್ದನ್ನೆಲ್ಲ ಅವರು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬುತ್ತಿದ್ದಾರೆ.

ನನ್ನ ಮರಕ್ಕೆ ಇನ್ನೂ ಕೆಲಸ ಬಾಕಿ ಇದೆ. ಬಲಗಡೆಯ ಕೆಳಗಿನ ಕೊಂಬೆ ಉದ್ದ ಜಾಸ್ತಿಯಾಗಿದೆ. ಅದರ ನಡುವೆ ಎರಡು ಜೋಡಿ ಹಳೆಯ ಎಲೆ ಉಳಿಸಿಕೊಂಡಿದ್ದೇನೆ, ಅಲ್ಲಿ ಚಿಗುರು ಬರುವವರೆಗೆ ಕತ್ತರಿ ಇಲ್ಲ. ಅದರ ತುದಿಯನ್ನು ಮಾತ್ರ ಭಾನುವಾರದ ಆಲೂಗಡ್ಡೆಗೆ ಕೀಳುತ್ತಿದ್ದೇನೆ. ಮುಂದಿನ ಸಂಕ್ರಾಂತಿ ಕಳೆದ ಮೇಲೆ ನಡುವಿನ ಹಳೆಯ ಮಣ್ಣು ತೆಗೆಯಬೇಕು. ಇಟ್ಟಿಗೆ ಚೂರು ಜರಡಿ ಹಿಡಿದು ಚೀಲ ಕಟ್ಟಿ ಇಟ್ಟಾಗಿದೆ.